ನೆರವಿಗೆ ದುಡ್ಡು ಮಾತ್ರವಲ್ಲ, ಜನವೂ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಆಗಾಗ 'ಚಿಕಿತ್ಸೆಗೆ ನೆರವು ಬೇಕಾಗಿದೆ' ಅಂತ ಸಣ್ಣ ಸುದ್ದಿ ಬರುತ್ತದೆ. ರೋಗಿಯ ಫೋಟೊ, ಕಾಯಿಲೆಯ ಹೆಸರು, ಬ್ಯಾಂಕ್ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್. ಅದನ್ನು ನೋಡಿ ನಾನೂ ಕೆಲವು ಸಲ ನೂರು, ಇನ್ನೂರು ಕಳಿಸಿದ್ದೇನೆ. ಅಷ್ಟಕ್ಕೆ ನನ್ನ ಪಾಲಿನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೇ ಕಷ್ಟ ಬಂದಾಗ ಹಾಗಲ್ಲ ಅಂತ ಗೊತ್ತಾಯಿತು.

ನಮ್ಮದು ಸುಳ್ಯ ತಾಲ್ಲೂಕು. ಭಾವ ಅಡಿಕೆಗೆ ಮದ್ದು ಬಿಡಲು ಮರ ಹತ್ತಿದವರು ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಸೇರಿಸಿದೆವು. 1848ರಿಂದ ಇರುವ ಆಸ್ಪತ್ರೆ ಅದು, ನಮ್ಮ ಜಿಲ್ಲೆಯವರು ಮಾತ್ರ ಅಲ್ಲ, ಕೊಡಗು, ಚಿಕ್ಕಮಗಳೂರು, ಕಾಸರಗೋಡಿನಿಂದಲೂ ಬರುತ್ತಾರೆ. ಭಾವ 19 ದಿನ ಅಲ್ಲಿದ್ದರು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಕೆಳಗೆ ಚಿಕಿತ್ಸೆ ಆಯಿತು, ಆ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಡಾಕ್ಟರು, ನರ್ಸುಗಳು ಚೆನ್ನಾಗಿ ನೋಡಿಕೊಂಡರು. ಇದನ್ನು ಹೇಳಲೇಬೇಕು.

ಆದರೆ ಯಾವ ಕಾರ್ಡಿನಲ್ಲೂ ಸೇರದ ಖರ್ಚುಗಳಿವೆ. ಭಾವ, ಅಕ್ಕ ಇಬ್ಬರದೂ ದಿನಗೂಲಿ. ಇಬ್ಬರ ದುಡಿಮೆಯೂ ಅದೇ ದಿನ ನಿಂತಿತು. ಊರಿನಿಂದ ಮಂಗಳೂರಿಗೆ 80 ಕಿ.ಮೀ.ಗಿಂತ ಜಾಸ್ತಿ, ಒಂದು ಬಟ್ಟೆ ತರಬೇಕೆಂದರೂ ಬಸ್ಸಿಗೆ ದುಡ್ಡು. ಮನೆಯಲ್ಲಿ ಎರಡು ಮಕ್ಕಳು, ಒಂದು ದನ. ಮತ್ತೆ ಊಟ. ಆಸ್ಪತ್ರೆಯಲ್ಲಿ ರೋಗಿಗೆ ಊಟ ಕೊಡುತ್ತಾರೆ. ಜೊತೆಗೆ ಇರುವವರ ಊಟ ಅವರವರ ಪಾಡು. ಇದು ಒಂದು ಆಸ್ಪತ್ರೆಯ ತಪ್ಪು ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ ಇರುವುದು ರೋಗಿಗಾಗಿ ತಾನೇ.

ಮೂರನೆಯ ದಿನ ನಾನು ಹೋದಾಗ ಅಕ್ಕ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಿದ್ದಳು. ಊಟ ಆಯ್ತಾ ಕೇಳಿದೆ. ಆಯ್ತು ಅಂದಳು. ಆಮೇಲೆ ಪಕ್ಕದ ಬೆಡ್ಡಿನ ಅಜ್ಜಿ ನನ್ನನ್ನು ಕರೆದು ಹೇಳಿದರು, ಭಾವನಿಗೆ ಕೊಟ್ಟ ಅನ್ನದಲ್ಲಿ ಅವರು ಬಿಟ್ಟದ್ದನ್ನು ಮಾತ್ರ ಅವಳು ತಿನ್ನುತ್ತಿದ್ದಳಂತೆ, ಮಧ್ಯಾಹ್ನ ಒಂದು ಬನ್, ಅಷ್ಟೇ. ನಮ್ಮಕ್ಕ ಇನ್ನೊಬ್ಬರ ಮನೆಯಲ್ಲಿ ಒಂದು ಲೋಟ ನೀರು ಕೇಳಲೂ ನಾಚುವವಳು. ಇಂದಿರಾ ಕ್ಯಾಂಟೀನ್‌ನಲ್ಲಿ 10 ರೂಪಾಯಿಗೆ ಊಟ ಸಿಗುತ್ತದೆ, ನಿಜ. ಆದರೆ ಡ್ರಿಪ್ ಹಾಕಿಸಿಕೊಂಡು ಮಲಗಿದ ಗಂಡನನ್ನು ಬಿಟ್ಟು, ಗುರುತು ಪರಿಚಯ ಇಲ್ಲದ ಪೇಟೆಯಲ್ಲಿ ರಾತ್ರಿ ಒಬ್ಬಳೇ ಹುಡುಕಿಕೊಂಡು ಹೋಗುವುದು ಹೇಗೆ?

ಅವತ್ತು ರಾತ್ರಿ ಅದೇ ಅಜ್ಜಿಯ ಮಗ ನಮ್ಮನ್ನು ಕರೆದುಕೊಂಡು ಹೋದ. ಎಂ ಫ್ರೆಂಡ್ಸ್ ಅನ್ನುವ ಮಂಗಳೂರಿನ ಟ್ರಸ್ಟ್ 'ಕಾರುಣ್ಯ' ಅಂತ ಒಂದು ಯೋಜನೆ ನಡೆಸುತ್ತದೆ, ವೆನ್ಲಾಕ್‌ನಲ್ಲಿ ರೋಗಿಗಳ ಜೊತೆಗೆ ಇರುವವರಿಗೆ ರಾತ್ರಿ ಊಟ ಕೊಡುತ್ತಾರೆ. ಸಾಲಿನಲ್ಲಿ ನಿಂತೆವು. ಬಿಸಿ ಅನ್ನ, ಸಾಂಬಾರು. ಯಾವ ಊರು, ಯಾವ ಜಾತಿ, ಯಾವ ಕಾರ್ಡ್ ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಜಿಲ್ಲೆಯ ಹೆಸರು ಯಾವ ಯಾವ ಗಲಾಟೆಯ ಸುದ್ದಿಯಲ್ಲಿ ಬರುತ್ತದೆ ಅಂತ ನಿಮಗೆ ಗೊತ್ತಲ್ಲ, ಅದಕ್ಕೇ ಈ ಮಾತನ್ನು ಬರೆಯುತ್ತಿದ್ದೇನೆ. ಆ ಸಾಲಿನಲ್ಲಿ ಬುರ್ಖಾ ಹಾಕಿದವರು, ಕುತ್ತಿಗೆಯಲ್ಲಿ ಶಿಲುಬೆ ಇದ್ದವರು, ಹಣೆಗೆ ಗಂಧ ಇಟ್ಟವರು ಒಬ್ಬರ ಹಿಂದೆ ಒಬ್ಬರು ಪ್ಲೇಟ್ ಹಿಡಿದು ನಿಂತಿದ್ದರು, ಬಡಿಸುವವರಲ್ಲೂ ಹಾಗೆಯೇ ಎಲ್ಲರೂ ಇದ್ದರು. ಅಕ್ಕ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡಳು.

ಐದನೇ ದಿನವೋ ಆರನೇ ದಿನವೋ, ಬಡಿಸುವವರು ಕಮ್ಮಿ ಇದ್ದಂತೆ ಕಂಡಿತು. ನಾನು ಕೊಡ್ತೇನಾ ಅಂತ ಕೇಳಿದೆ. ಕೈಗೆ ಸೌಟು ಕೊಟ್ಟರು. ಸಾಂಬಾರು ಬಡಿಸುವುದರಲ್ಲಿ ಏನು ಮಹಾ ಇದೆ ಅಂತ ನೀವು ಕೇಳಬಹುದು. ಸೌಟನ್ನು ತಳದಿಂದ ತಿರುವಿ ತೆಗೆಯದಿದ್ದರೆ ಮೊದಲು ಬಂದವರಿಗೆ ಬರೀ ನೀರು, ಕೊನೆಗೆ ಬಂದವರಿಗೆ ಬರೀ ತರಕಾರಿ. ಮುಚ್ಚಳದ ಸ್ಟೀಲ್ ಡಬ್ಬಿ ತಂದವರು ಮೇಲೆ ವಾರ್ಡಿನಲ್ಲಿ ಎದ್ದು ಬರಲಾಗದ ಇನ್ನೊಬ್ಬರಿಗೂ ಒಯ್ಯುವವರು, ಅವರಿಗೆ ಎರಡು ಸೌಟು ಜಾಸ್ತಿ. ಇದನ್ನೆಲ್ಲಾ ಹೇಳಿಕೊಟ್ಟದ್ದು ಪಕ್ಕದಲ್ಲಿ ಅನ್ನ ಹಾಕುತ್ತಿದ್ದ ಒಬ್ಬ ಆಟೊ ಡ್ರೈವರ್. ಸಂಜೆ ಬಾಡಿಗೆ ಚೆನ್ನಾಗಿ ಸಿಗುವ ಹೊತ್ತಿನಲ್ಲೇ ಆಟೊ ನಿಲ್ಲಿಸಿ ಬಂದಿದ್ದರು. ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಒಬ್ಬಾಕೆ, ಸೊಂಟದಲ್ಲಿ ಮಗು, "ಅಣ್ಣಾರ, ಮಗೀಗೂ ಚೂರು ಹಾಕ್ರಿ" ಅಂತ ಇನ್ನೊಂದು ಸಣ್ಣ ಬಟ್ಟಲು ಚಾಚಿದರು. ಬಟ್ಟಲಲ್ಲ ಅದು, ಡಬ್ಬಿಯ ಮುಚ್ಚಳ. ಆ ಮುಚ್ಚಳ ಇನ್ನೂ ನನ್ನ ಕಣ್ಣ ಮುಂದಿದೆ.

ಆಮೇಲೆ ಭಾವ ಇದ್ದಷ್ಟು ದಿನ, ನಾನು ಮಂಗಳೂರಿನಲ್ಲಿದ್ದ ರಾತ್ರಿಯೆಲ್ಲಾ ಬಡಿಸಿದೆ. ಕೈ ತೊಳೆದು ವಾರ್ಡಿನ ಹೊರಗೆ ಕೂತರೆ ನಿಧಾನಕ್ಕೆ ಒಬ್ಬೊಬ್ಬರೇ ಮಾತಿಗೆ ಬರುತ್ತಿದ್ದರು. ಅವರ ಕಷ್ಟ ಕೇಳಿದ ಮೇಲೆ ನನಗೆ ಅನಿಸಿದ್ದು ಇದು. ಒಬ್ಬರಿಗೆ ರೇಷನ್ ಕಾರ್ಡನ್ನು ಊರಿನಿಂದ ತಂದುಕೊಡುವವರು ಬೇಕು. ಇನ್ನೊಬ್ಬರಿಗೆ ಎರಡು ಗಂಟೆ ರೋಗಿಯ ಹತ್ತಿರ ಕೂರುವವರು ಬೇಕು, ಸ್ನಾನ ಮಾಡಿ ಒಂದು ನಿದ್ದೆ ತೆಗೆಯಲು. ಓದಲು ಬಾರದವರಿಗೆ ಯಾವ ಕೌಂಟರಿನಲ್ಲಿ ಯಾವ ಕಾಗದ ಕೊಡಬೇಕು ಅಂತ ಜೊತೆಗೆ ಬಂದು ತೋರಿಸುವವರು. ರಕ್ತ ಕೊಡುವವರು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು, ಕೊಡುವವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಸರಿಯಾದ ಹೊತ್ತಿಗೆ ಸುದ್ದಿ ಮುಟ್ಟಬೇಕು ಅಷ್ಟೇ. ಇದಕ್ಕೆಲ್ಲಾ ಬ್ಯಾಂಕ್ ಖಾತೆ ನಂಬರಿನಿಂದ ಪ್ರಯೋಜನವಿಲ್ಲ. ದುಡ್ಡು ಬೇಡ ಅನ್ನುತ್ತಿಲ್ಲ. ಅಕ್ಕಿ, ಗ್ಯಾಸು ದುಡ್ಡಿಲ್ಲದೆ ಬರುವುದಿಲ್ಲ, ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಒಂದು ರಾತ್ರಿಯ ಊಟದ ಖರ್ಚು ಹೊರುವುದು ತುಂಬಾ ಒಳ್ಳೆಯ ಕೆಲಸ. ಆದರೆ ಕಳಿಸಲು ದುಡ್ಡಿಲ್ಲದವರೂ ನಮ್ಮಲ್ಲಿ ಜಾಸ್ತಿ ಇದ್ದಾರಲ್ಲ? ಅವರಿಗೆ ವಾರದಲ್ಲಿ ಒಂದು ಸಂಜೆ ಇದೆ. ಕೊಡಲು ಮನಸ್ಸೂ ಇದೆ. ಎಲ್ಲಿಗೆ ಹೋಗಿ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ನನಗೂ ಇಷ್ಟು ವರ್ಷ ಗೊತ್ತಿರಲಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೇಳಿಕೆ. 'ಇಂದಿನ ಕಾರ್ಯಕ್ರಮ' ಅಂತ ಮದುವೆ ಮಂಟಪ, ಸಭಾಭವನಗಳ ಪಟ್ಟಿ ದಿನಾ ಹಾಕುತ್ತೀರಿ. ಅದರ ಕೆಳಗೆ ವಾರಕ್ಕೊಮ್ಮೆ ನಾಲ್ಕು ಬೆರಳಿನಷ್ಟು ಜಾಗ ಬಿಡಿ, ಜನ ಬೇಕಾಗಿರುವ ಕೆಲಸಗಳಿಗೆ. ಯಾವ ಸಂಸ್ಥೆ, ಯಾವ ಊರು, ಎಷ್ಟು ಹೊತ್ತು, ಎಷ್ಟು ಮಂದಿ, ಇಷ್ಟಿದ್ದರೆ ಸಾಕು. ಸಂಸ್ಥೆ ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ನಿಮ್ಮ ತಾಲ್ಲೂಕು ವರದಿಗಾರರು ಒಮ್ಮೆ ಹೋಗಿ ನೋಡಿ ಬಂದರೆ ಓದುವವರಿಗೂ ಧೈರ್ಯ. ದುಡ್ಡು ಕೇಳುವವರು ಈ ಜಾಗದಲ್ಲಿ ಬರುವುದು ಬೇಡ, ಅದಕ್ಕೆ ಬೇರೆ ಜಾಗ ಇದೆ. ಊಟದ ಸಂಸ್ಥೆಗಳೇ ಆಗಬೇಕೆಂದಿಲ್ಲ. ಮನೆಯಲ್ಲೇ ಮಲಗಿರುವ ವಯಸ್ಸಾದವರನ್ನು ವಾರಕ್ಕೊಮ್ಮೆ ಹೋಗಿ ನೋಡುವ ತಂಡ, ಕೂಲಿಯವರ ಮಕ್ಕಳಿಗೆ ಸಂಜೆ ಪಾಠ ಹೇಳುವವರು, ಎಲ್ಲರಿಗೂ ಜನ ಬೇಕು.

ಭಾವ ಈಗ ಕೋಲು ಹಿಡಿದು ನಡೆಯುತ್ತಾರೆ. ಮರ ಹತ್ತುವಂತಿಲ್ಲ. ಅಕ್ಕ ಬೀಡಿ ಕಟ್ಟುತ್ತಾಳೆ, ಅವಳೂ ನಾನೂ ಇನ್ನೂ ನಾಲ್ಕು ಮನೆಯವರೂ ಸೇರಿ ಮಾತಾಡಿಕೊಂಡಿದ್ದೇವೆ. ನಮ್ಮ ಕಡೆಯ ಆಸ್ಪತ್ರೆಯಲ್ಲೂ ರಾತ್ರಿ ಉಳಿಯುವವರು ಇರುತ್ತಾರೆ. ದಿನಾ ಆಗುವುದಿಲ್ಲ, ಸದ್ಯಕ್ಕೆ ವಾರಕ್ಕೆ ಒಂದು ದಿನ, ಆಸ್ಪತ್ರೆಯವರು ಒಪ್ಪಿಗೆ ಕೊಟ್ಟ ಮೇಲೆ. ಅಕ್ಕಿ ಒಟ್ಟಾಗಿದೆ. ದೊಡ್ಡ ಪಾತ್ರೆಯನ್ನು ಭಜನಾ ಮಂದಿರದವರು ಕೊಡುತ್ತೇವೆ ಅಂದಿದ್ದಾರೆ.

ನೀವು ಜಾಗ ಕೊಡುವುದಾದರೆ ಮೊದಲ ವಾರದ್ದನ್ನು ನಾನೇ ಕಳಿಸುತ್ತೇನೆ: ಗುರುವಾರ, ಸಂಜೆ 7ರಿಂದ 8.30. ಬಡಿಸಲು ಇಬ್ಬರು, ಪಾತ್ರೆ ತೊಳೆಯಲು ಒಬ್ಬರು, ವಾರ್ಡಿನಿಂದ ಏಳಲಾಗದವರಿಗೆ ಊಟ ಒಯ್ದು ಕೊಡಲು ಒಬ್ಬರು ಬೇಕು.

– ನಿಮ್ಮ ಓದುಗ, ಸುಳ್ಯ ತಾಲ್ಲೂಕು