ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಸ್ವಿಫ್ಟ್ ಕೊಂಡ ಸುಷ್ಮಾಗೆ

ಚಿ. ಸುಷ್ಮಾಗೆ ಆಶೀರ್ವಾದಗಳು.

2014ರ ಸ್ವಿಫ್ಟ್ ವಿಡಿಐ ಡೀಸೆಲ್ ಕಾರು, ಮೀಟರಿನಲ್ಲಿ 1,46,000 ಕಿಲೋಮೀಟರ್, ದಿನದ ಓಡಾಟ ಮಂಗಳೂರಿನಲ್ಲಿ, ತಿಂಗಳಿಗೆರಡು ಸಲ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ. ಇಷ್ಟು ತಿಳಿಯಿತು. ಸೀಟ್ ಕವರ್ ಯಾವ ಬಣ್ಣದ್ದು ಹಾಕಿಸಲಿ ಎಂದು ಕೇಳಿದ್ದೀಯ. ಆ ದುಡ್ಡನ್ನು ಸದ್ಯಕ್ಕೆ ಎತ್ತಿಡು. ಹಳೇ ಗಾಡಿ ಕೊಂಡವರು ಕಿವಿಗೆ ಬಿದ್ದ ಸದ್ದನ್ನು, ಕಣ್ಣಿಗೆ ಬಿದ್ದ ಗೀರನ್ನು ಮೊದಲು ಸರಿಮಾಡಿಸುತ್ತಾರೆ. ಬಂಪರಿನ ಗೀರು ಹತ್ತು ವರ್ಷ ಹಾಗೇ ಇದ್ದರೂ ಯಾರಿಗೂ ಏನೂ ಆಗುವುದಿಲ್ಲ. ಸದ್ದೇ ಮಾಡದ ಹಳೇ ಬ್ರೇಕ್ ಆಯಿಲ್ ಮಾತ್ರ ಅದೇ ಘಾಟಿಯ ಗುಂಡ್ಯದ ಇಳಿಜಾರಿನಲ್ಲಿ ಕೈಕೊಡುತ್ತದೆ. ಆದ್ದರಿಂದ ನಿನ್ನ ಜೀವಕ್ಕೆ ಸಂಬಂಧಿಸಿದ್ದು ಮೊದಲು, ಎಂಜಿನ್ನಿನ ಜೀವಕ್ಕೆ ಸಂಬಂಧಿಸಿದ್ದು ಆಮೇಲೆ, ದಾರಿಯಲ್ಲಿ ನಿಲ್ಲಿಸುವಂಥದ್ದು ಮೂರನೆಯದು. ಉಳಿದದ್ದು ದುಡ್ಡು ಮಿಕ್ಕಾಗ.

ಮಾರಿದವನು "ಎಲ್ಲಾ ಸರ್ವಿಸ್ ಆಗಿದೆ" ಎಂದದ್ದನ್ನು ನಂಬಬೇಡ, ಅಲ್ಲಗಳೆಯುವುದೂ ಬೇಡ. ಬಿಲ್ಲಿಲ್ಲದ ಕೆಲಸ ಆಗಿಯೇ ಇಲ್ಲ ಎಂದು ಲೆಕ್ಕ ಹಿಡಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಡಿಯ ನಂಬರ್ ಕೊಟ್ಟು ಹಳೆಯ ಸರ್ವಿಸ್ ದಾಖಲೆ ವಿಚಾರಿಸು; ಅದರಲ್ಲಿರುವ ಕಿಲೋಮೀಟರಿಗೂ ನಿನ್ನ ಮೀಟರಿಗೂ ತಾಳೆಯಾಗುತ್ತದೆಯೇ ನೋಡು. ಬ್ಯಾಟರಿ ವೈರ್ ಬಿಚ್ಚುವ ಮೊದಲೇ ಸ್ಕ್ಯಾನರ್ ಹಾಕಿಸಿ ಎರರ್ ಕೋಡುಗಳನ್ನು (ಗಾಡಿಯ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಸಂಖ್ಯೆಗಳು) ಬರೆದುಕೊ. ಮಾರುವ ಮುನ್ನ ಕೋಡು ಅಳಿಸಿಕೊಡುವವರಿದ್ದಾರೆ, ಅದಕ್ಕೇ ಒಂದು ವಾರ ಓಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸು. ನಿಜವಾದ ದೋಷ ಅಷ್ಟರಲ್ಲಿ ಮತ್ತೆ ತಲೆ ಎತ್ತಿರುತ್ತದೆ.

ಟೈರಿನಿಂದ ಶುರುಮಾಡು. ಬದಿಯ ಗೋಡೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 3418 ಎಂದಿದ್ದರೆ 2018ರ 34ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರಿನ ಮೈಮೇಲಿನ ಕಾಲುವೆಗೆರೆ ಎಷ್ಟೇ ಆಳವಿರಲಿ, ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ. ಕಾನೂನು 1.6 ಮಿಲಿಮೀಟರ್ ಆಳದವರೆಗೂ ಬಿಡುತ್ತದೆ, ಆದರೆ ಕರಾವಳಿಯ ಮಳೆಗೆ ಅದು ಸಾಲದು. 3 ಮಿಲಿಮೀಟರಿಗೆ ಬಂದಾಗಲೇ ಬದಲಿಸು. ಸವೆದ ರೀತಿಯನ್ನೂ ಓದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ ಹೊಡೆದು ಓಡಿಸಿದ್ದಾರೆ, ನಡುಭಾಗ ಸವೆದಿದ್ದರೆ ಹೆಚ್ಚು ಹೊಡೆದಿದ್ದಾರೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಬುಷ್ (ಚಕ್ರ ಹಿಡಿದ ತೋಳಿನ ಕೀಲಿನ ರಬ್ಬರ್) ಹೋಗಿದೆ. ಕೈಯಾಡಿಸಿದಾಗ ಅಲೆ ಅಲೆಯಾಗಿ ಸಿಕ್ಕರೆ ಶಾಕ್ ಅಬ್ಸಾರ್ಬರ್ ನೋಡಿಸು. ಸ್ಟೆಪ್ನಿಯ ವಯಸ್ಸು ನೋಡುವುದನ್ನು ಹೆಚ್ಚಿನವರು ಮರೆಯುತ್ತಾರೆ, ನೀನು ಮರೆಯಬೇಡ. ಗಾಳಿ ಎಷ್ಟು ಎಂಬುದು ಬಾಗಿಲ ಕಂಬದ ಚೀಟಿಯಲ್ಲಿದೆ. ಪಂಕ್ಚರ್ ಅಂಗಡಿಯವನು ತನ್ನ ಅಂದಾಜಿನಲ್ಲಿ ಹೊಡೆಯಲು ಹೊರಟರೆ ಬೇಡ ಅನ್ನು.

ಇನ್ನು ಬ್ರೇಕ್. ಇದೊಂದನ್ನು ಗಾಡಿ ಮನೆಗೆ ಬಂದ ವಾರದಲ್ಲೇ ಮುಗಿಸಬೇಕು, ಅಲ್ಲಿಯವರೆಗೆ ಘಾಟಿ ಇಳಿಯಬೇಡ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಮಂಗಳೂರಿನ ಹವೆಯಲ್ಲಿ ತೇವಕ್ಕೆ ಕೊರತೆಯಿಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯಬಾರದು ಎಂಬುದು ನಿಯಮ, ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅದು 230 ಮತ್ತು 155. ಇಳಿಜಾರಿನುದ್ದಕ್ಕೂ ಪೆಡಲ್ ಒತ್ತಿಕೊಂಡೇ ಬಂದರೆ ಚಕ್ರದ ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರಿನೊಳಗಿನ ಆಯಿಲ್ ಕುದಿದು ಆವಿಗುಳ್ಳೆ ಏಳುತ್ತದೆ. ಆಯಿಲನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ; ಹಾಗಾಗಿ ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ನೋಡಿ ಸೀಲ್ ಒಡೆಯದ ಒಂದು ಲೀಟರ್ ತರಿಸು. ಡಬ್ಬಿಯಲ್ಲಿರುವುದನ್ನಷ್ಟೇ ಹೀರಿ ಹೊಸದು ಸುರಿದರೆ ಕೆಲಸವಾಗಲಿಲ್ಲ. ನಾಲ್ಕೂ ಚಕ್ರದ ಬ್ಲೀಡರ್ (ಆಯಿಲ್ ಹೊರಬಿಡುವ ತಿರುಪು) ಬಿಚ್ಚಿ, ದೂರದ ಹಿಂದಿನ ಎಡಚಕ್ರದಿಂದ ಹಿಡಿದು, ತಿಳಿಯಾದ ಆಯಿಲ್ ಬರುವವರೆಗೆ ಹೊರಹಾಕಬೇಕು. ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸುತ್ತಿರು.

ಚಕ್ರ ಬಿಚ್ಚಿದಾಗ ನೀನೇ ಬಗ್ಗಿ ನೋಡು. ಡಿಸ್ಕನ್ನು ಉಜ್ಜುವ ಮುಂದಿನ ಪ್ಯಾಡ್ 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಜೋಡಿ ಜೋಡಿಯಾಗಿ ಬದಲಿಸಬೇಕು. ಒಳಗಿನ ಪ್ಯಾಡ್ ಬಹಳ ಸವೆದು ಹೊರಗಿನದು ದಪ್ಪ ಉಳಿದಿದ್ದರೆ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಜಾಮ್ ಆಗಿರಬಹುದು. ಪಿನ್ ಬಿಚ್ಚಿ ಉಜ್ಜಿ ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಹಚ್ಚದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ. ಮಾಮೂಲಿ ಚಾಸಿ ಗ್ರೀಸ್ ಬಳಿದರೆ ಪಿನ್ನಿನ ರಬ್ಬರ್ ಉಬ್ಬಿ ಮತ್ತೆ ಜಾಮ್. ಡಿಸ್ಕಿನ ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಹಿಂದಿನ ಡ್ರಮ್ಮಿನೊಳಗೆ ಒದ್ದೆ ಕಂಡರೆ ವೀಲ್ ಸಿಲಿಂಡರ್ ಸೋರುತ್ತಿದೆ. ಡ್ರಮ್ಮನ್ನು ಉಜ್ಜುವ ಲೈನರ್ ಆಯಿಲ್ ಕುಡಿದಿದ್ದರೆ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಾಕಲು ಒಪ್ಪಬೇಡ, ಹೊಸದೇ ಹಾಕಿಸು. ಇಷ್ಟೆಲ್ಲ ಮಾಡಿಸಿದ ಮೇಲೂ ಘಾಟಿಯನ್ನು ಎರಡನೇ ಅಥವಾ ಮೂರನೇ ಗೇರಿನಲ್ಲೇ ಇಳಿ.

ಈಗ ಎಂಜಿನ್. ನಿನ್ನದು 1248 ಸಿಸಿಯ ಫಿಯೆಟ್ ಮಲ್ಟಿಜೆಟ್. ಟಾಟಾ ವಿಸ್ಟಾ, ಫಿಯೆಟ್ ಪುಂಟೊಗಳಲ್ಲೂ ಇದೇ ಇತ್ತು. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಬಿಟ್ಟಿತಾದರೂ ರಸ್ತೆಯಲ್ಲಿ ಇಂಥ ಎಂಜಿನ್ ಇನ್ನೂ ಎಷ್ಟೋ ಇವೆ, ಬಿಡಿಭಾಗಕ್ಕೂ ಕೈಪಳಗಿದ ಮೆಕ್ಯಾನಿಕ್ಕಿಗೂ ಬರವಿಲ್ಲ. ಪಿಸ್ಟನ್ನಿನ ಲಯಕ್ಕೆ ತಕ್ಕಂತೆ ವಾಲ್ವುಗಳನ್ನು ತೆರೆಸಲು ಇದಕ್ಕೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. "ಚೈನ್ ಅಂದರೆ ಲೈಫ್‌ಟೈಮ್ ಮೇಡಂ" ಎಂದು ಹೇಳುವವರು ಸಿಗುತ್ತಾರೆ. ಆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಎಂಜಿನ್ ಆಯಿಲಿನ ಒತ್ತಡದಿಂದ. ಆಯಿಲ್ ಕಮ್ಮಿಯಾದರೆ, ಕೆಸರಾದರೆ, ಟೆನ್ಷನರ್ ಸಡಿಲ, ಚೈನ್ ಸವೆತ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಒಂದು ಪಕ್ಕದಿಂದ ಎರಡು ಮೂರು ಸೆಕೆಂಡು ಗಲಗಲ ಸದ್ದು ಬಂದು ನಿಂತರೆ ಅದು ಅದರ ಸೂಚನೆ. ಚೈನ್ ಒಂದೆರಡು ಹಲ್ಲು ಹಾರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆ ಸದ್ದು ದಿನವೂ ಬರುತ್ತಿದ್ದರೆ ಚೈನ್, ಟೆನ್ಷನರ್, ಗೈಡ್ ಮೂರನ್ನೂ ಒಟ್ಟಿಗೆ ಬದಲಿಸು.

ಆದ್ದರಿಂದ ಮೊದಲ ಆಯಿಲ್ ಬದಲಾವಣೆ ಇದೇ ವಾರ. 5ಡಬ್ಲ್ಯೂ-30, ಡೀಸೆಲ್ ಎಂಜಿನ್ನಿಗೆ ಹೇಳಿದ ದರ್ಜೆಯದು. ಫಿಲ್ಟರ್ ಸೇರಿ 3 ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ, ಮೂರೂವರೆ ಲೀಟರಿನ ಕ್ಯಾನ್ ತಗೋ. ಫಿಲ್ಟರ್, ಅದರ ಓ-ರಿಂಗ್, ಡ್ರೈನ್ ಬೋಲ್ಟಿನ ವಾಷರ್ ಮೂರೂ ಹೊಸದಿರಲಿ. ಇಳಿಸಿದ ಆಯಿಲ್ ಡಾಂಬರಿನಂತೆ ದಪ್ಪವಾಗಿದ್ದರೆ ಹೊಸದನ್ನು 1,500 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸು. ಅದೇ ಸುರಕ್ಷಿತವಾದ ಫ್ಲಷ್, ಅಂದರೆ ಎಂಜಿನ್ನಿನ ಒಳತೊಳೆತ. ಬಾಟಲಿಯಲ್ಲಿ ಬರುವ ಫ್ಲಷ್ ದ್ರಾವಣ ಹಾಕಿಸಬೇಡ, ವರ್ಷಗಟ್ಟಲೆ ಕೂತ ಕೆಸರು ಒಮ್ಮೆಲೇ ಎದ್ದು ಆಯಿಲ್ ಪಂಪಿನ ಜಾಲರಿಗೆ ಅಡ್ಡಲಾದರೆ ಬೇರಿಂಗೂ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋವೂ ಒಣಗುತ್ತವೆ. ಮುಂದೆ 10,000ದ ಬದಲು 7,500ಕ್ಕೊಮ್ಮೆ ಬದಲಿಸು. ಹೊಸ ಆಯಿಲ್ ಹಾಕಿದ ಅರ್ಧ ದಿನದಲ್ಲೇ ಕಪ್ಪಾಗುತ್ತದೆ, ಡೀಸೆಲ್ಲಿನಲ್ಲಿ ಅದು ಸಹಜ, ಗಾಬರಿಯಾಗಬೇಡ. ಗಾಬರಿಯಾಗಬೇಕಾದದ್ದು ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತಾ ಹೋದರೆ (ಇಂಧನ ಸಿಂಪಡಿಸುವ ಇಂಜೆಕ್ಟರಿನಿಂದ ಡೀಸೆಲ್ ಇಳಿಯುತ್ತಿದೆ), ಅಥವಾ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ (ಎಂಜಿನ್ ತಣಿಸುವ ಕೂಲಂಟ್ ಸೇರಿದೆ). ಸಮತಟ್ಟು ಜಾಗದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ವಾರಕ್ಕೊಮ್ಮೆ ನೋಡು.

ಕೂಲಂಟಿನ ವಿಷಯದಲ್ಲಿ ಮೋಸ ಜಾಸ್ತಿ. ಸೋರುವ ಗಾಡಿಗೆ ನಲ್ಲಿ ನೀರು ತುಂಬಿಸಿ ಮಾರಿರುತ್ತಾರೆ. ಡಬ್ಬಿಯಲ್ಲಿ ತುಕ್ಕಿನ ಬಣ್ಣ ಕಂಡರೆ ಪೂರ್ತಿ ಇಳಿಸಿ, ತಿಳಿನೀರು ಬರುವವರೆಗೆ ತೊಳೆದು, ಕಂಪನಿ ಹೇಳಿದ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ಹಾಕಿಸು. ರೆಡಿಮಿಕ್ಸ್ ಎಂದು ಬರೆದಿದ್ದರೆ ಮತ್ತೆ ನೀರು ಸೇರಿಸಬಾರದು. ಗಟ್ಟಿಯಾದ ಅಥವಾ ಮೆತ್ತಗಾಗಿ ಉಬ್ಬಿದ ಹೋಸ್, ಸಡಿಲವಾದ ಮುಚ್ಚಳ, ಎರಡೂ ಬದಲಾಗಲಿ. ಬಿಸಿಯಿದ್ದಾಗ ಮುಚ್ಚಳ ಮುಟ್ಟಲೇಬೇಡ. ಹೊರಗೆಲ್ಲೂ ಸೋರದೆ ಮಟ್ಟ ಇಳಿಯುತ್ತಿದ್ದರೆ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ಅನುಮಾನಿಸು.

ಜೊತೆಗೆ ಪಕ್ಕದಲ್ಲಿರುವ ಡ್ರೈವ್ ಬೆಲ್ಟ್ ನೋಡಿಸು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ನೀರಿನ ಪಂಪು ಎರಡೂ ತಿರುಗುವುದು ಅದರಿಂದಲೇ. ಬೆಲ್ಟ್ ಬಿರುಕು ಬಿಟ್ಟಿದ್ದರೆ ಟೆನ್ಷನರ್, ಐಡ್ಲರ್ ಬೇರಿಂಗುಗಳ ಸಮೇತ ಬದಲಿಸು, ಏಕೆಂದರೆ ಬೆಲ್ಟ್ ಹೊಸದಾಗಿದ್ದು ಬೇರಿಂಗ್ ಜಾಮ್ ಆದರೂ ಫಲ ಅದೇ. ಓಡುತ್ತಿರುವಾಗ ಬ್ಯಾಟರಿ ದೀಪ ಹತ್ತಿಕೊಂಡರೆ "ಮನೆ ಹತ್ತಿರದಲ್ಲೇ ಇದೆ" ಎಂದು ಮುಂದುವರಿಯಬೇಡ. ಬೆಲ್ಟ್ ಹರಿದಿರಬಹುದು, ನೀರು ತಿರುಗದ ಎಂಜಿನ್ನಿನ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಲು ಹೆಚ್ಚು ಹೊತ್ತು ಬೇಡ.

ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿಬಿಡು, ಹಳೆಯದರ ವಯಸ್ಸು ವಿಚಾರಿಸುವ ಕಷ್ಟ ಬೇಡ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಪಂಪು, ಇಂಜೆಕ್ಟರುಗಳಿಗೆ ಸವೆಯದಂತೆ ಕಾಯುವ ಆಯಿಲ್ ಕೂಡ ಡೀಸೆಲ್ಲೇ. ನೀರು ಸೇರಿದರೆ ಅವು ತುಕ್ಕು ಹಿಡಿಯುತ್ತವೆ, ಆ ಖರ್ಚಿನ ಮುಂದೆ ಫಿಲ್ಟರಿನ ಬೆಲೆ ಏನೇನೂ ಅಲ್ಲ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಹೋಗಲು ಬಿಡಬೇಡ. ಎಂಜಿನ್ ಓಡುತ್ತಿರುವಾಗ ಆ ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಪೈಪುಗಳನ್ನು ಯಾರೂ ಸಡಿಲಿಸಬಾರದು, ಸಣ್ಣ ಚಿಮ್ಮುವಿಕೆಯೂ ಚರ್ಮ ತೂರಿ ಒಳಹೋಗುತ್ತದೆ. ಇಂಜೆಕ್ಟರಿನ ಬುಡದಲ್ಲಿ ಕರಿ ಟಾರಿನಂಥದ್ದು ಕಟ್ಟಿ ಚುಸ್ ಚುಸ್ ಎನ್ನುತ್ತಿದ್ದರೆ ತಾಮ್ರದ ವಾಷರ್ ಸೋತಿದೆ. ಬೇಗ ಮಾಡಿಸಿದರೆ ಸಣ್ಣ ಕೆಲಸ. ಬಿಟ್ಟರೆ ಟಾರು ಗಟ್ಟಿಯಾಗಿ ಇಂಜೆಕ್ಟರ್ ಕಿತ್ತರೂ ಬರುವುದಿಲ್ಲ.

ಘಾಟಿ ಹತ್ತುವಾಗ ಪಿಕಪ್ ಇಲ್ಲದೆ ಕಪ್ಪು ಹೊಗೆ ಬಂದರೆ ಟರ್ಬೋ ಹೋಯಿತು ಎಂದು ಯಾರೋ ಹೆದರಿಸುತ್ತಾರೆ. ಮೊದಲು ಏರ್ ಫಿಲ್ಟರ್, ಆಮೇಲೆ ಟರ್ಬೋದಿಂದ ಹೊರಡುವ ರಬ್ಬರ್ ಹೋಸಿನ ಬಿರುಕು, ಆಮೇಲೆ ಮಸಿ ಕಟ್ಟಿದ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಕವಾಟ) ನೋಡಿಸು. ನೀಲಿ ಹೊಗೆ ಬಂದರೆ ಮಾತ್ರ ಆಯಿಲ್ ಉರಿಯುತ್ತಿದೆ ಎಂದರ್ಥ. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಆರಿಸುವ ಮುನ್ನ ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಡು. ಕಾದ ಟರ್ಬೋ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಕಾಗದಿರಲಿ ಎಂದು.

ಇಷ್ಟು ಮುಗಿದ ಮೇಲೆ ಸಸ್ಪೆನ್ಷನ್, ಅಂದರೆ ಚಕ್ರವನ್ನು ಗಾಡಿಗೆ ಜೋಡಿಸಿ ಕುಲುಕು ತಡೆಯುವ ಭಾಗಗಳು. ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಈ ಕಿಲೋಮೀಟರಿಗೆ ಸವೆದಿರುವುದು ಸಹಜ. ಚಕ್ರದ ಕೀಲಾದ ಬಾಲ್ ಜಾಯಿಂಟ್ ಸಡಿಲವಾಗಿ ಆಡುತ್ತಿದ್ದರೆ ಮಾತ್ರ ಅದನ್ನು ಬ್ರೇಕಿನ ಸಾಲಿಗೆ ಸೇರಿಸು. ಆಕ್ಸಲ್ಲಿನ ಕೀಲಿಗೆ ಹೊದಿಸಿದ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದ್ದರೆ ಕೂಡಲೇ ಬೂಟ್ ಬದಲಿಸು. ಮರಳು ಒಳಹೊಕ್ಕು, ತಿರುವಿನಲ್ಲಿ ಕಟಕಟ ಶುರುವಾದ ಮೇಲೆ ಜಾಯಿಂಟೇ ಬೇಕಾಗುತ್ತದೆ. ವೀಲ್ ಅಲೈನ್‌ಮೆಂಟ್ ಈ ಎಲ್ಲದರ ನಂತರ. ಮೊದಲೇ ಮಾಡಿಸಿದರೆ ಆ ದುಡ್ಡು ದಂಡ. ಕ್ಲಚ್ ಈಗಲೇ ಬಿಚ್ಚಿಸಬೇಡ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಆಗ ಸರಿ. ಆದರೆ ಅದಕ್ಕೆಂದು ದುಡ್ಡು ಎತ್ತಿಟ್ಟುಕೊ.

ಬ್ಯಾಟರಿ ಸರಳ: ರಾತ್ರಿ ನಿಂತ ಮೇಲೆ 12.6 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.5. ಮಳೆಗಾಲಕ್ಕೆ ಮುನ್ನ ಬಾಗಿಲ ಕೆಳಗಿನ ನೀರಿನ ತೂತು, ವೈಪರ್ ಕೆಳಗಿನ ಕಾಲುವೆ, ಸ್ಟೆಪ್ನಿ ಗುಂಡಿ ಸ್ವಚ್ಛ ಮಾಡಿಸು. ಉಪ್ಪುಗಾಳಿಗೆ ಜ್ಯಾಕ್ ಹಚ್ಚುವ ಜಾಗ ಬೇಗ ತುಕ್ಕು ಹಿಡಿಯುತ್ತದೆ, ತಿಂಗಳಿಗೊಮ್ಮೆ ಅಡಿಭಾಗ ತೊಳೆಸು.

ಒಂದೇ ದಿನ ಎಲ್ಲವನ್ನೂ ಬಿಚ್ಚಿಸಬೇಡ. ಐದು ಕೆಲಸ ಒಟ್ಟಿಗೆ ಮಾಡಿಸಿ ಹೊಸ ಸದ್ದೊಂದು ಬಂದರೆ ಯಾವುದರಿಂದ ಬಂತೆಂದು ಪತ್ತೆಯಾಗುವುದಿಲ್ಲ. ಬದಲಿಸಿದ ಹಳೇ ಭಾಗವನ್ನು ಕೇಳಿ ತಗೋ, ದಿನಾಂಕ, ಕಿಲೋಮೀಟರ್, ಭಾಗದ ನಂಬರ್ ಪುಸ್ತಕದಲ್ಲಿ ಬರೆ. ಫಿಲ್ಟರ್, ಪ್ಯಾಡುಗಳಲ್ಲಿ ನಕಲಿ ಹೆಚ್ಚು, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳು.

ಕಾಗದಪತ್ರ: ಆರ್‌ಸಿ ನಿನ್ನ ಹೆಸರಿಗೆ ಮಾಡಿಸಲು ಕೊಂಡವಳಿಗೆ 30 ದಿನ, ವಿಮೆ ವರ್ಗಾವಣೆಗೆ ಅರ್ಜಿ ಹಾಕಲು 14 ದಿನ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ) ನಿನಗೆ ಬರುವುದಿಲ್ಲ, ಅದರ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಆರ್‌ಸಿಯ 15 ವರ್ಷ 2029ಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ದೊಡ್ಡ ಖರ್ಚು ಬಂದಾಗ ಆ ವರ್ಷ ನೆನಪಿನಲ್ಲಿಟ್ಟು ತೀರ್ಮಾನಿಸು.

ಸ್ಕ್ಯಾನಿನ ಕೋಡುಗಳನ್ನೂ ನಾಲ್ಕು ಟೈರಿನ ಅಂಕಿಗಳನ್ನೂ ಬರೆದು ಕಳಿಸು, ಸ್ಟೆಪ್ನಿಯದನ್ನೂ ಸೇರಿಸಿ. ಸೀಟ್ ಕವರ್ ಬೂದು ಬಣ್ಣದ್ದೇ ಇರಲಿ, ಕರಾವಳಿಯ ಕೆಮ್ಮಣ್ಣು ಕಪ್ಪಿನ ಮೇಲೆ ಎದ್ದು ಕಾಣುತ್ತದೆ.

ಇಂತಿ,
ನಿನ್ನ ಸೋದರಮಾವ