ಕೈಚೀಲದ ನಿಯಮ ಮನೆ ಬಿಡುವ ಮೊದಲೇ ತಿಳಿಯಲಿ

ಮಾನ್ಯ ಸಂಪಾದಕರೇ,

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲದಿಂದ ಹೊರತೆಗೆಸುವ ಉಪ್ಪಿನಕಾಯಿ ಜಾಡಿ, ತುಪ್ಪದ ಡಬ್ಬಿ, ಕೊಬ್ಬರಿ ಗಿಟುಕುಗಳನ್ನು ಕಂಡವರಿಗೆ, ಅವು ಅಲ್ಲಿಯವರೆಗೆ ಬಂದದ್ದು ಮಾಹಿತಿಯ ಕೊರತೆಯಿಂದಲೇ ಹೊರತು ನಿಯಮ ಮುರಿಯುವ ಹಟದಿಂದಲ್ಲ ಎಂಬುದು ಸುಲಭವಾಗಿ ತಿಳಿಯುತ್ತದೆ. ತಪಾಸಣೆ ನಡೆಸುವ ಸಿಐಎಸ್‌ಎಫ್ ಸಿಬ್ಬಂದಿಯನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ದೊಡ್ಡ ಲಗೇಜನ್ನು ಕೌಂಟರಿನಲ್ಲಿ ಒಪ್ಪಿಸಿದ ನಂತರವಷ್ಟೇ ಈ ತಪಾಸಣೆ ನಡೆಯುವುದರಿಂದ, ಆ ಲಗೇಜಿನಲ್ಲಿ ಭದ್ರವಾಗಿ ಕಟ್ಟಿ ಕಳುಹಿಸಬಹುದಾಗಿದ್ದ ಉಪ್ಪಿನಕಾಯಿಗೂ ಆ ಹೊತ್ತಿಗೆ ಕಸದ ಬುಟ್ಟಿಯೇ ಗತಿಯಾಗುತ್ತದೆ.

ಪವರ್ ಬ್ಯಾಂಕಿನ ವಿಷಯದಲ್ಲಿ ನಿಯಮ ಇದಕ್ಕೆ ತದ್ವಿರುದ್ಧ. ಅದನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. ಲಿಥಿಯಂ ಬ್ಯಾಟರಿ ಬಿಸಿಯೇರಿ ಹೊತ್ತಿಕೊಂಡರೆ ಪ್ರಯಾಣಿಕರ ನಡುವೆ ಇರುವ ಸಿಬ್ಬಂದಿ ಕೂಡಲೇ ನೋಡಿ ಆರಿಸಬಲ್ಲರು, ಸರಕಿನ ಕೋಣೆಯಲ್ಲಿ ಆ ಅವಕಾಶವಿಲ್ಲ. ಇದರ ಮಿತಿ 100 ವಾಟ್-ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ ಶಕ್ತಿಯ ಅಳತೆ). 100ರಿಂದ 160ರವರೆಗಿನದಕ್ಕೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. ಆದರೆ ಅಂಗಡಿಯಲ್ಲಿ ಕೊಳ್ಳುವಾಗ ದಪ್ಪಕ್ಷರದಲ್ಲಿ ಕಾಣುವುದು 20,000 ಎಂಎಎಚ್ ಎಂಬ ಅಂಕಿ. ಅದನ್ನು ಬ್ಯಾಟರಿಯ 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವಾಟ್-ಅವರ್ ಬರುತ್ತದೆ, ಅಂದರೆ ಅದು ಮಿತಿಯೊಳಗೇ ಇದೆ. ಈ ಲೆಕ್ಕವನ್ನು ಪ್ರಯಾಣಿಕರು ಸರದಿಯಲ್ಲಿ ನಿಂತು ಮಾಡಬೇಕೆಂದು ಯಾರೂ ನಿರೀಕ್ಷಿಸಲಾರರು.

ವಿದೇಶಕ್ಕೆ ಹೋಗುವವರಿಗೆ ದ್ರವ ಪದಾರ್ಥಗಳ ನಿರ್ಬಂಧವೂ ಸೇರಿಕೊಳ್ಳುತ್ತದೆ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾದ ಮೇಲೆ ಬಂದ ಈ ನಿಯಮದಲ್ಲಿ ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆಯೇ ಹೊರತು ಒಳಗಿರುವ ದ್ರವದ ಪ್ರಮಾಣವಲ್ಲ. 200 ಮಿಲಿ ಲೀಟರಿನ ಬಾಟಲಿಯ ತಳದಲ್ಲಿ ಎರಡು ಚಮಚ ಎಣ್ಣೆ ಉಳಿದಿದ್ದರೂ 100 ಮಿಲಿ ಲೀಟರಿನ ಮಿತಿ ಮೀರಿದಂತೆಯೇ. ಹಸುಗೂಸಿನ ಹಾಲಿಗೆ ಮತ್ತು ಅಗತ್ಯ ಔಷಧಿಗಳಿಗೆ ವಿನಾಯಿತಿ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಅದನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಏಕೆಂದರೆ ಸರಕಿನ ಕೋಣೆಯ ಶೀತಕ್ಕೆ ಅದು ಹೆಪ್ಪುಗಟ್ಟಿ ಕೆಡಬಹುದು.

ನಮ್ಮವರು ಹೆಚ್ಚು ಎಡವುವುದು ಕೊಬ್ಬರಿಯ ವಿಷಯದಲ್ಲಿ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿಗೆ ಸೇರಿದ್ದು, ಕೈಚೀಲಕ್ಕೂ ಲಗೇಜಿಗೂ ನಿಷಿದ್ಧವಾಗಿದೆ. ತಿಪಟೂರಿನ ಕೊಬ್ಬರಿಯನ್ನು ದೆಹಲಿಯಲ್ಲಿರುವ ಮಗಳಿಗೆ ಒಯ್ಯುವ ತಾಯಿಗೆ ಇದು ಹೇಗೆ ತಾನೇ ಹೊಳೆಯಬೇಕು? ಅದರಲ್ಲೂ ಶಬರಿಮಲೆ ಯಾತ್ರಿಕರು ಇರುಮುಡಿಯ ತೆಂಗಿನಕಾಯಿಯನ್ನು ಜೊತೆಯಲ್ಲೇ ಒಯ್ಯಬಹುದೆಂದು 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 2025ರ ಜನವರಿ 20ರವರೆಗೆ ಅನುಮತಿ ನೀಡಿದ ಸುದ್ದಿ ಓದಿದವರು, ಕೊಬ್ಬರಿಗೂ ಅದೇ ಅನ್ವಯವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆ ಅನುಮತಿಯ ಸುದ್ದಿ ಮಾಲೆ ಧರಿಸಿದವರಿಗೆಲ್ಲ ಬೇಗನೆ ತಲುಪಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಮನಸ್ಸು ಮಾಡಿದರೆ ನಿಯಮಗಳನ್ನು ಜನರಿಗೆ ಮುಟ್ಟಿಸುವುದು ಕಷ್ಟವೇನಲ್ಲ.

ಆದ್ದರಿಂದ ವಿಮಾನಯಾನ ಸಂಸ್ಥೆಗಳು ಟಿಕೆಟ್ಟಿನೊಂದಿಗೆ ಕಳುಹಿಸುವ ಸೂಚನೆಯನ್ನು ಕನ್ನಡದಲ್ಲೂ ಕೊಡಬೇಕು. ಅದರಲ್ಲಿ 7 ಕೆ.ಜಿ. ತೂಕದ ಮಿತಿಯನ್ನಷ್ಟೇ ಹೇಳಿ ಮುಗಿಸದೆ, ಕೈಚೀಲದಲ್ಲಿ ಮಾತ್ರ ಇರಬೇಕಾದುದು, ಲಗೇಜಿಗೆ ಮಾತ್ರ ಹಾಕಬೇಕಾದುದು, ಎರಡರಲ್ಲೂ ಕೂಡದ್ದು ಎಂದು ಬೇರ್ಪಡಿಸಿ, ನಮ್ಮ ಅಡುಗೆಮನೆಯ ಮತ್ತು ದೇವರಮನೆಯ ಪದಾರ್ಥಗಳ ಹೆಸರನ್ನೇ ಹಾಕಿ ತಿಳಿಸಬೇಕು. ನಗರದಿಂದ ದೇವನಹಳ್ಳಿಯತ್ತ ಸಾಗುವ ಬಿಎಂಟಿಸಿಯ ವಾಯು ವಜ್ರ ಬಸ್ಸುಗಳಲ್ಲಿ ಪ್ರಯಾಣಿಕರು ಗಂಟೆಗೂ ಹೆಚ್ಚು ಕಾಲ ಕುಳಿತಿರುತ್ತಾರೆ, ಲಗೇಜೂ ಆಗ ಅವರ ಜೊತೆಯಲ್ಲೇ ಇರುತ್ತದೆ. ಇದೇ ಪಟ್ಟಿಯನ್ನು ಸೀಟಿನ ಹಿಂಬದಿಗೆ ಅಂಟಿಸಲು ದೊಡ್ಡ ಖರ್ಚೇನೂ ಬಾರದು. ಲಗೇಜು ಒಪ್ಪಿಸಿಕೊಳ್ಳುವ ಕೌಂಟರಿನ ಸಿಬ್ಬಂದಿ ಪವರ್ ಬ್ಯಾಂಕಿನ ಬಗ್ಗೆ ಕೇಳುವಂತೆಯೇ, ಕೈಚೀಲದಲ್ಲಿ ಉಪ್ಪಿನಕಾಯಿ, ತುಪ್ಪ ಇವೆಯೇ ಎಂದು ಕನ್ನಡದಲ್ಲಿ ಒಂದು ಮಾತು ಕೇಳಬೇಕು. ಸಂಕ್ರಾಂತಿಗೆ ಎಳ್ಳುಬೆಲ್ಲ ಒಯ್ಯುವವರಿಗಾಗಿ, ಅದರಲ್ಲಿ ಬೆರೆತ ಕೊಬ್ಬರಿ ಚೂರುಗಳಿಗೆ ನಿಷೇಧ ಅನ್ವಯಿಸುತ್ತದೆಯೇ ಇಲ್ಲವೇ ಎಂಬುದನ್ನೂ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಹಬ್ಬಕ್ಕೆ ಮೊದಲೇ ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಹಿರಿಯ ನಾಗರಿಕ,
ಮಲ್ಲೇಶ್ವರ, ಬೆಂಗಳೂರು