ವೈದ್ಯರು ಬರೆದ ಕಾಗದವನ್ನು ನಮ್ಮ ಕೈಗೆ ಕೊಡಿಸಿ: ನಮ್ಮ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವನು. ಭೂಸೇನೆಯಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಈಗ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರನ್ನು ಗುರುತಿಸುವ ಶಿಬಿರಗಳಲ್ಲಿ ರೋಗಿಯನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರ ಅಭಿಪ್ರಾಯ ಅವರದೇ ಸಹಿಯೊಂದಿಗೆ ಬರಹದಲ್ಲಿ ಉಳಿಯಬೇಕು, ಅದರ ಪ್ರತಿ ಮನೆಯವರ ಕೈಗೆ ಸಿಗಬೇಕು, ಯಾರಾದರೂ ಅದನ್ನು ಬದಲಿಸುವುದಿದ್ದರೆ ಕಾರಣ ಬರೆದು ತಮ್ಮ ಹೆಸರು ಹಾಕಿ ಬದಲಿಸಬೇಕು. ಇಷ್ಟನ್ನು ಕೇಳುವುದಕ್ಕಾಗಿ ಈ ಪತ್ರ. ಮನವಿ, ಅರ್ಜಿ, ಧರಣಿ ಎಲ್ಲವೂ ಆಗಿ ಮುಗಿದ ಮೇಲೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆಯ ವಿಷಯ ಹೇಳಬೇಕು. ನನ್ನ ತಮ್ಮನ ಮಗಳು ಹುಟ್ಟುವಾಗ ಗುಡ್ಡೆಯ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿಯುವ ಹೆಲಿಕಾಪ್ಟರ್ ಹಾರುತ್ತಿತ್ತು. ಅವಳಿಗೆ ಇಂದಿಗೂ ಕುತ್ತಿಗೆ ನಿಲ್ಲುವುದಿಲ್ಲ, ಮಾತು ಬಂದಿಲ್ಲ. ಪ್ರಾಯಕ್ಕೆ ಬಂದ ಹುಡುಗಿಯನ್ನು ತಾಯಿಯೇ ಎತ್ತಿ ಮೀಯಿಸಬೇಕು, ಗಂಜಿಯನ್ನು ಮಿದಿದು ಬಾಯಿಗಿಡಬೇಕು. ಶಿಬಿರಕ್ಕೆ ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೋದೆವು. ಅಲ್ಲಿದ್ದ ಯುವ ವೈದ್ಯರು ಅವಸರ ಮಾಡಲಿಲ್ಲ. ಕೈಕಾಲು ಮಡಚಿ ಬಿಡಿಸಿ ನೋಡಿದರು. ಕುಡಿಯುವ ನೀರು ಎಲ್ಲಿಯದು, ಗೇರು ತೋಟ ಎಷ್ಟು ದೂರ, ಬಸುರಿಯಾಗಿದ್ದಾಗ ಎಲ್ಲಿದ್ದಿರಿ ಎಂದು ತಾಯಿಯನ್ನು ಕೇಳಿ ಒಂದು ಪುಟ ತುಂಬ ಬರೆದರು. ಬರೆದುದನ್ನು ಹಿಡಿದುಕೊಂಡು ಆಚೆ ಮೇಜಿನಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರ ಬಳಿಗೆ ಹೋದರು. ಅಲ್ಲಿ ಏನು ಮಾತಾಯಿತೋ ನಮಗೆ ಕೇಳಿಸಲಿಲ್ಲ. ಮರಳಿ ಬಂದವರು ಇನ್ನೊಂದು ಫಾರಂ ತೆಗೆದು ಎರಡೇ ಸಾಲು ಬರೆದರು, ಮೊದಲಿನ ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು. ತಲೆ ಎತ್ತದೆ, "ಅಮ್ಮಾ, ಇದು ನನ್ನ ಕೈಯಲ್ಲಿಲ್ಲ" ಎಂದರು. ಆ ಮೊದಲಿನ ಕಾಗದವನ್ನು ನಾನು ಕೇಳಿದಾಗ, ಅದು ದಾಖಲೆಯೇ ಅಲ್ಲ ಎಂದು ಮೇಜಿನಿಂದ ಉತ್ತರ ಬಂತು. ಹುಡುಗಿಯ ಹೆಸರು ಸಂತ್ರಸ್ತರ ಪಟ್ಟಿಯಲ್ಲಿ ಬರಲಿಲ್ಲ. ಏಕೆ ಬರಲಿಲ್ಲವೆಂದು ಇಂದಿನವರೆಗೆ ಯಾರೂ ಒಂದಕ್ಷರ ಬರೆದು ಕೊಟ್ಟಿಲ್ಲ.

ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಕಂಡದ್ದನ್ನು ಮೊದಲು ಬರೆದವರು ಅವರೇ. ವರ್ಗಾವಣೆ, ಬಡ್ತಿ, ಮೇಲಿನವರ ಮುನಿಸು ಇವೆಲ್ಲ ಎಳೆಯ ಪ್ರಾಯದ ಸರಕಾರಿ ನೌಕರನನ್ನು ಎಷ್ಟು ಕುಗ್ಗಿಸುತ್ತವೆ ಎಂಬುದು ಸಮವಸ್ತ್ರ ಹಾಕಿದವನಿಗೆ ತಿಳಿಯದ್ದಲ್ಲ. ಆದರೆ ಆಜ್ಞೆಯೇ ಎಲ್ಲವೂ ಆಗಿರುವ ಸೇನೆಯಲ್ಲಿ ಕೂಡ 1950ರ ಸೇನಾ ಕಾಯಿದೆಯ 41ನೇ ಕಲಮು ಅವಿಧೇಯತೆಗೆ ಶಿಕ್ಷೆ ಹೇಳುವಾಗ, ಉಲ್ಲಂಘಿಸಿದ ಆಜ್ಞೆ ಕಾನೂನುಬದ್ಧವಾಗಿರಬೇಕು ಎನ್ನುತ್ತದೆ. ನಮ್ಮ ಯೂನಿಟ್ಟಿನಲ್ಲಿ ಎತ್ತರದ ಪ್ರದೇಶಕ್ಕೆ ಜನ ಸಾಲದೆ ಇದ್ದಾಗಲೂ ವೈದ್ಯಾಧಿಕಾರಿ ಒಬ್ಬ ಸೈನಿಕನನ್ನು ಅನರ್ಹನೆಂದು ಬರೆದರು. ಕಮಾಂಡಿಂಗ್ ಅಧಿಕಾರಿಗೆ ಅದು ಹಿಡಿಸಲಿಲ್ಲ, ಆದರೂ ಆ ಕಾಗದ ಯಾರ ಕಿಸೆಗೂ ಹೋಗಲಿಲ್ಲ. ಬದಲಿಸುವುದಿದ್ದರೆ ವೈದ್ಯಕೀಯ ಮಂಡಳಿ ಕುಳಿತು ಬರಹದಲ್ಲಿಯೇ ಬದಲಿಸಬೇಕಿತ್ತು. ಸೈನಿಕನಿಗೆ ಸಿಕ್ಕಿದ ಈ ರಕ್ಷಣೆ ಹಾಸಿಗೆ ಹಿಡಿದ ಹುಡುಗಿಗೆ ಏಕೆ ಸಿಗಬಾರದು?

ನಿಯಮ ತಮಗೆ ಗೊತ್ತಿರುವುದೇ. ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯಂತೆ ರೋಗಿಯ ಕಡೆಯವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಅದೇ ನಿಯಮಾವಳಿಯಲ್ಲಿ ದುರ್ನಡತೆ. ಹಾಗಿದ್ದ ಮೇಲೆ ವೈದ್ಯನ ಕೈಯಿಂದ ಸತ್ಯವನ್ನು ಅಳಿಸಿಹಾಕಿಸುವವನದು ಏನು?

ಈ ನೆಲದಲ್ಲಿ ಇದು ಮೊದಲಿನಿಂದ ನಡೆದು ಬಂದ ಕಥೆ. ಗೇರಿಗೆ ಬರುವ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದಕ್ಕೆಂದು ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿಗೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿದರೆ ಸಾಕೆಂದು ತಿಳಿದರು. ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದಿಂದ ನೀರು ಹರಿದು ಬರುವ ಊರಿನಲ್ಲಿ ಯಾರು ಯಾವುದನ್ನು ಮುಚ್ಚುವುದು, ತೋಡನ್ನು ಯಾವ ಹಾಳೆಯಿಂದ ಮುಚ್ಚುವುದು? ಕಾಲು ತಿರುಚಿ ಹುಟ್ಟುವ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಬಹಳ ಹಿಂದೆಯೇ ಬರೆದರು. ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ಎಚ್ಚರಿಸಿದರು. ಲೀಲಾಕುಮಾರಿ ಅಮ್ಮನವರು ಸರಕಾರದ ಕೃಷಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿದರು. ಬೆಳೆಗೆ ಮದ್ದು ಹೇಳುವ ಇಲಾಖೆಯ ಒಳಗಿದ್ದುಕೊಂಡು ಮದ್ದೇ ವಿಷವೆಂದು ಹೇಳಲು ಎಷ್ಟು ಧೈರ್ಯ ಬೇಕು! ಅವರೆಲ್ಲ ತಮ್ಮ ಮನಸ್ಸಾಕ್ಷಿಯ ಬಲದಿಂದ ನಿಂತರು, ವ್ಯವಸ್ಥೆ ಅವರ ಬೆನ್ನಿಗೆ ನಿಲ್ಲಲಿಲ್ಲ. ಪ್ರತಿಯೊಬ್ಬ ನೌಕರನೂ ಲೀಲಾಕುಮಾರಿ ಅಮ್ಮನೇ ಆಗಬೇಕೆಂದು ಕೇಳುವುದು ನ್ಯಾಯವಲ್ಲ. ಸಾಮಾನ್ಯ ಧೈರ್ಯದ ವೈದ್ಯನೂ ಕಂಡದ್ದನ್ನು ಬರೆದು ನೆಮ್ಮದಿಯಿಂದ ಮನೆಗೆ ಹೋಗುವಂತೆ ಮಾಡುವುದು ಸರಕಾರದ ಕೆಲಸ.

ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಿಚಾರಿಸಿದಾಗ 3704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಪಟ್ಟಿಯಲ್ಲಿ ಇದ್ದವರ ಗತಿಯೇ ಆಗ ಹೀಗಿತ್ತು. 2017ರ ಶಿಬಿರದ ಬಳಿಕ ಹೊರಗುಳಿದ 1031 ಮಂದಿಯ ತಾಯಂದಿರು ಕಾಞಂಗಾಡಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತದ್ದನ್ನು ತಾವೂ ಕಂಡಿದ್ದೀರಿ. ಅವರಿಗೆ ಅಯ್ಯೋ ಪಾಪ ಎಂಬ ಸಮಾಧಾನ ಇನ್ನು ಬೇಡ, ಸಾಕಾಗಿ ಹೋಗಿದೆ. ಅವರಿಗೆ ಬೇಕಾದದ್ದು ಕಾಗದ. ಯಾವ ವೈದ್ಯರು ಏನು ಬರೆದರು, ಅದನ್ನು ಯಾರು ತೆಗೆದರು, ಯಾವ ಕಾರಣಕ್ಕೆ ತೆಗೆದರು ಎಂಬ ಕಾಗದ.

ಆದುದರಿಂದ ತಾವು ಇದನ್ನು ವಿಧಾನಸಭೆಯಲ್ಲಿ ಎತ್ತಬೇಕು. ಹೊರಗುಳಿದ ಪ್ರತಿಯೊಬ್ಬರ ಪರೀಕ್ಷಾ ದಾಖಲೆಯನ್ನು ಮನೆಯವರಿಗೆ ಕೊಡಿಸಬೇಕು. ನಮ್ಮ ಕಡೆಯವರಿಗೆ ಅದು ಕನ್ನಡದಲ್ಲಿಯೇ ಬರಬೇಕು. ದಾಖಲೆ ಇಲ್ಲದ ಕಡೆ ಮರುಪರೀಕ್ಷೆ ಆಗಬೇಕು, ಮತ್ತು ಆ ಪರೀಕ್ಷೆಯಲ್ಲಿ ವೈದ್ಯರು ಬರೆದ ಮೊದಲ ಕಾಗದವೇ ದಾಖಲೆ ಎಂದು ಆದೇಶ ಹೊರಡಬೇಕು. ಸತ್ಯ ಬರೆದ ವೈದ್ಯರನ್ನಾಗಲಿ, ಕೃಷಿಭವನದ ನೌಕರರನ್ನಾಗಲಿ ಆ ಕಾರಣಕ್ಕೆ ವರ್ಗ ಮಾಡುವುದಿಲ್ಲವೆಂದು ಸರಕಾರ ಬರೆದು ಕೊಡಬೇಕು.

ನನ್ನ ತಮ್ಮನ ಹೆಂಡತಿಗೆ ಈಗ ಸೊಂಟ ನೋವು. ಮಗಳನ್ನು ಎತ್ತಲು ಆಗುತ್ತಿಲ್ಲ. ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳುತ್ತೀರೋ ಇಲ್ಲವೋ ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ.

ಇತಿ,
ಎಣ್ಮಕಜೆಯ ಒಬ್ಬ ನಿವೃತ್ತ ಹವಾಲ್ದಾರ